ಹರಕಲೇಟು

ಮುನಿಲಕ್ಷ್ಮಿ ಮೊದಲು ಅಪ್ಪನ ಕಾಲ ಬುಡ ಗುಡಿಸಿದಳು. ಆಮೇಲೆ ತಲೆ ಎತ್ತಿ ನೋಡಿದಳು.

ಜಯನಗರದ ಆ ರಸ್ತೆ ಅವಳ ಪಾಲಿನದು. ಅಲ್ಲಿನ ಸಂಗೀತ ಸಭಾದ ಗೇಟಿಗೆ ಯಾರೋ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಆಳೆತ್ತರದ ಒಬ್ಬ ಮುದುಕ ತಮಟೆ ಹಿಡಿದು ನಿಂತಿದ್ದ. ಗೋಧಿ ಮೈಬಣ್ಣ. ಹಣೆಯಲ್ಲಿ ಉದ್ದನೆಯ ನಾಮ. ಹೆಗಲ ಮೇಲೆ ಜರಿ ಶಾಲು. ಮೂಗು ಮಾತ್ರ ಅಪ್ಪನದು, ಮುರಿದು ಎಡಕ್ಕೆ ವಾಲಿದ ಮೂಗು. ಕಂಪ್ಯೂಟರಿನ ಮುಂದೆ ಕೂತವನು ಬಣ್ಣ ಬಳಿದಿದ್ದ, ನಾಮ ಎಳೆದಿದ್ದ, ಶಾಲು ಹೊದಿಸಿದ್ದ. ಮೂಗು ನೆಟ್ಟಗೆ ಮಾಡುವುದನ್ನು ಮರೆತಿದ್ದ.

ಕೆಳಗಿನ ಅಕ್ಷರಗಳನ್ನು ಅವಳು ಕೂಡಿಸಿಕೊಂಡು ಓದಿದಳು. ‘ಜನಪದ ತಾಳಬ್ರಹ್ಮ ದಿವಂಗತ ಮುನಿಯಪ್ಪನವರಿಗೆ ಮರಣೋತ್ತರ ಗೌರವ.’ ಅದಕ್ಕಿಂತ ದಪ್ಪ ಅಕ್ಷರದಲ್ಲಿ, ‘ಮಂಗಳ ಸಂಚಾರದ ರೂವಾರಿ ವಿದ್ವಾನ್ ಶ್ರೀಕರ್ ಅವರಿಂದ.’

"ಯಾಕ ನಿಂತೀ ಲಕ್ಷ್ಮೀ? ಮೇಸ್ತ್ರಿ ಬಂದ್ನಂದ್ರ ಫೋಟೋ ಹೊಡ್ದು ಗ್ರೂಪಿಗೆ ಹಾಕ್ತಾನ," ಎಂದಳು ರೇಣವ್ವ. ಯಾದಗಿರಿ ಕಡೆಯಿಂದ ಬಂದವಳು, ಅದೇ ರಸ್ತೆಯ ಇನ್ನೊಂದು ಪೊರಕೆ.

"ನಮ್ಮಪ್ಪ."

"ಎಲ್ಲಿ?"

ಮುನಿಲಕ್ಷ್ಮಿ ಪೊರಕೆಯ ಕೋಲೆತ್ತಿ ತೋರಿಸಿದಳು. ರೇಣವ್ವ ಫ್ಲೆಕ್ಸ್ ನೋಡಿದಳು, ಇವಳ ಮುಖ ನೋಡಿದಳು.

"ನಿಮ್ಮಪ್ಪ ಇಷ್ಟು ಬೆಳ್ಳಗಿದ್ನೇನು?"

"ಸತ್ಮೇಲೆ ಆಗಿದಾನೆ."

ಒಳಗಿನಿಂದ ವಾಚ್‌ಮನ್ ಕೂಗಿದ. "ರೀ, ನಿಧಾನಕ್ಕೆ ಗುಡ್ಸ್ರೀ. ಫ್ಲೆಕ್ಸ್ ಮೇಲೆ ಧೂಳು ಕೂರುತ್ತೆ."

"ಅಕಿ ಅವನ ಮಗಳೋ ಮಾರಾಯ," ಎಂದಳು ರೇಣವ್ವ. ವಾಚ್‌ಮನ್ ನಕ್ಕ. ಮತ್ತೆ ಫ್ಲೆಕ್ಸ್ ನೋಡಿದ. ಇವಳ ಮುಖವನ್ನೂ ನೋಡಿ, ನಗು ನಿಲ್ಲಿಸಿ ಒಳಗೆ ಹೋದ.

ಮುನಿಲಕ್ಷ್ಮಿಗೆ ಕಣ್ಣೀರು ಬರಲಿಲ್ಲ. ಪೊರಕೆ ಬಿಗಿಹಿಡಿದು ರಸ್ತೆಯ ಉಳಿದ ಭಾಗ ಗುಡಿಸಿದಳು.

ಅಪ್ಪನ ಪೂರ್ತಿ ಹೆಸರು ಚಿಕ್ಕಮುನಿಯಪ್ಪ. ಹೊಸಕೆರೆಹಳ್ಳಿಯ ಕೇರಿಯವನು. ಆಗ ಕೆರೆಯಲ್ಲಿ ನೀರಿತ್ತು, ಸುತ್ತ ಗದ್ದೆಯಿತ್ತು, ಗದ್ದೆಯ ಯಜಮಾನರ ಮನೆಯಲ್ಲಿ ಯಾರು ಸತ್ತರೂ ಕೇರಿಗೆ ಆಳು ಬರುತ್ತಿತ್ತು. ಅಪ್ಪ ಉಣ್ಣುತ್ತಿದ್ದರೂ ಏಳಬೇಕು. ಜ್ವರವಿದ್ದರೂ ಏಳಬೇಕು. ಹೆಣ ಏಳುವ ತನಕ ಅಂಗಳದಾಚೆ ನಿಂತು ಬಡಿಯಬೇಕು. ಹೆಣ ಎದ್ದ ಮೇಲೆ ಅದರ ಮುಂದೆ ಮಸಣದ ತನಕ ಬಡಿಯುತ್ತ ನಡೆಯಬೇಕು. ಬೆರಳ ಸಂದು ಒಡೆದು ರಕ್ತ ಬಂದರೆ ತಮಟೆಯ ಚರ್ಮಕ್ಕೇ ಒರೆಸಿಕೊಳ್ಳುತ್ತಿದ್ದ. ಊಟ ಎಲ್ಲರದೂ ಮುಗಿದ ಮೇಲೆ, ಬೇಲಿ ಪಕ್ಕದಲ್ಲಿ. ನೀರು ಮೇಲಿನಿಂದ ಬೊಗಸೆಗೆ.

ಅಮ್ಮ ಹನುಮಕ್ಕ ಹೆರಿಗೆಯಲ್ಲಿ ಸತ್ತಾಗ ಮುನಿಲಕ್ಷ್ಮಿ ಇನ್ನೂ ಲಂಗ ಹಾಕುತ್ತಿದ್ದಳು. ಆ ದಿನ ಉತ್ತರಹಳ್ಳಿಯ ದೊಡ್ಡವರೊಬ್ಬರೂ ಸತ್ತಿದ್ದರು. ಅಪ್ಪನನ್ನು ಬಿಟ್ಟು ಕೇರಿಯ ತಮಟೆಯವರೆಲ್ಲ ಅಲ್ಲಿದ್ದರು. ‘ನಮ್ಮವಳೊಬ್ಬಳು ಹೋಗಿದಾಳೆ, ಇಬ್ಬರನ್ನ ಬಿಡಿ ಸಾಮಿ’ ಎಂದು ಕೇಳಿದ್ದಕ್ಕೆ ‘ಯಜಮಾನರ ಹೆಣ ಎದ್ದ ಮೇಲೆ ಹೋಗಿ’ ಎಂದರಂತೆ. ಊರೆಲ್ಲರ ಹೆಣಕ್ಕೆ ಬಡಿದವನ ಹೆಂಡತಿಗೆ ಬಡಿಯುವವರಿರಲಿಲ್ಲ.

ಅಪ್ಪ ತಾನೇ ತಮಟೆ ಎತ್ತಿಕೊಂಡ. ಹೆಂಡತಿಗೆ ಬೆನ್ನು ತೋರಿಸಲು ಅವನಿಂದ ಆಗಲಿಲ್ಲ. ಅವಳ ಮುಖ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಡಿದ. ಕಾಲು ನೆಲಕ್ಕೆ ಬಿದ್ದ ಮೇಲೆ ಏಟು ತಡವಾಗಿ ಬೀಳುತ್ತಿತ್ತು. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವಿನ ಖಾಲಿಯಲ್ಲಿ ಬೀಳುತ್ತಿತ್ತು. ಹೋಗುವವಳನ್ನು ಸೆರಗು ಹಿಡಿದು ಹಿಂದಕ್ಕೆ ಜಗ್ಗಿದ ಹಾಗೆ. ಚಟ್ಟ ಹೊತ್ತವರು ಮೊದಲು ಎಡವಿದರು. ಆಮೇಲೆ ಅವರ ಕಾಲು ಆ ಖಾಲಿಯನ್ನು ಕಲಿತವು. ಮಸಣ ಮುಟ್ಟುವಷ್ಟರಲ್ಲಿ ಇಡೀ ಕೇರಿ ಆ ಏಟಿಗೆ ನಡೆಯುತ್ತಿತ್ತು.

ಮುಂದೆ ಬೇರೆ ತಮಟೆಯವರು, ಹರಿದ ಹಾಗೆ ಖಾಲಿ ಬಿಟ್ಟು ಬೀಳುವ ಅದನ್ನು ಹರಕಲೇಟು ಎಂದು ಕರೆದು, ಹೇಳಿಕೊಡು ಎಂದು ಕೇಳಿ ಬಂದರು. ಅಪ್ಪ ಹೇಳಿಕೊಟ್ಟ. ಒಂದೇ ಮಾತು. "ಹೆಣದ ಮುಂದೆ ಮಾತ್ರ. ಮದ್ವೇಗೆ, ಹಬ್ಬಕ್ಕೆ ಬೇಡ. ಅದು ಅವ್ಳದ್ದು." ಮಗಳಿಗೂ ಕಲಿಸಿದ.

ಶ್ರೀಕರ್ ಆಗ ಇಂಜಿನಿಯರಿಂಗ್ ಓದುತ್ತಿದ್ದ ಜಯನಗರದ ಹುಡುಗ. ಮೃದಂಗ ಕಲಿಯುತ್ತಿದ್ದ. ಟೇಪ್ ರೆಕಾರ್ಡರ್ ಹೊತ್ತು ಕೇರಿಗೆ ಬಂದು, ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಮನೆಯೊಳಗಲ್ಲ, ಕಾರು ನಿಲ್ಲಿಸುವ ಶೆಡ್ಡಿಗೆ. ಮುನಿಲಕ್ಷ್ಮಿಯೂ ಜೊತೆಗೆ ಹೋಗಿದ್ದಳು.

"ಸಾವಿಂದು ಬೇಡಪ್ಪ, ಮನೇಲಿ ಹಿರಿಯರಿದಾರೆ. ಶುಭದ್ದು ಬಾರ್ಸು," ಎಂದಿದ್ದ ಶ್ರೀಕರ್. ಅಪ್ಪ ಬೆಳಗಿನಿಂದ ಹಬ್ಬದ್ದು, ಕರಗದ್ದು, ಜಾತ್ರೆಯದ್ದು ಬಡಿದ. ಅಂಗೈ ಕೆಂಪಾಗಿ ಊದಿಕೊಂಡಿತು. ಕಾಫಿಯನ್ನು ಹಿಡಿ ಮುರಿದ ಕಪ್ಪಿನಲ್ಲಿ ತಂದು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಹೋದರು. ಕೊನೆಗೆ ಎಲ್ಲ ಮುಗಿಯಿತೆಂದುಕೊಂಡು ಅಪ್ಪ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತನಗಾಗಿ ಹರಕಲೇಟು ಬಡಿದುಕೊಂಡ. ಟೇಪು ಇನ್ನೂ ತಿರುಗುತ್ತಿತ್ತು.

"ಇದ್ಯಾವ್ದು?" ಎಂದ ಶ್ರೀಕರ್, ನೆಟ್ಟಗೆ ಕೂತು.

"ಇದು ನಂದು ಸಾಮಿ. ನಾನ್ ಕಟ್ಟಿದ್ದು."

ಅವರು ಗೇಟು ದಾಟುವ ಮುಂಚೆಯೇ ಒಳಗಿನಿಂದ ಅಜ್ಜಿಯೊಬ್ಬಳು ಬಂದು ಶೆಡ್ಡಿಗೆ ಸೆಗಣಿ ನೀರು ಎರಚಿದಳು. ಮುನಿಲಕ್ಷ್ಮಿಯ ಹಿಮ್ಮಡಿಗೆ ಒಂದಿಷ್ಟು ಸಿಡಿಯಿತು. ಅದರ ತಣ್ಣನೆಯ ಸ್ಪರ್ಶ ಇವತ್ತಿಗೂ ಅಲ್ಲೇ ಇದೆ.

ಕೆಲವು ವರ್ಷಕ್ಕೆ ‘ಮಂಗಳ ಸಂಚಾರ’ ಎಂಬ ವಾದ್ಯಸಂಗೀತದ ಕ್ಯಾಸೆಟ್ ಬಂತು. ವೀಣೆ, ಕೊಳಲು, ಕೀಬೋರ್ಡಿನ ಅಡಿಯಲ್ಲಿ ಅದೇ ಏಟು. ರಚನೆ, ಶ್ರೀಕರ್. ಬಸವನಗುಡಿಯಿಂದ ಜೆ.ಪಿ. ನಗರದ ತನಕ ಆ ಏಟಿಲ್ಲದೆ ಒಂದು ಮದುಮಗಳು ಮಂಟಪಕ್ಕೆ ಬರಲಿಲ್ಲ, ಒಂದು ಗೃಹಪ್ರವೇಶ ಆಗಲಿಲ್ಲ.

ಬನಶಂಕರಿಯ ಒಂದು ಛತ್ರದ ಗೇಟಿನಾಚೆ ಅಪ್ಪ ದಿಬ್ಬಣಕ್ಕೆ ಬಡಿದು ನಿಂತಿದ್ದ. ಒಳಗೆ ಸ್ಪೀಕರಿನಲ್ಲಿ ತನ್ನ ಹೆಂಡತಿಯ ಹೆಣದ ಏಟು ಕೇಳಿಸಿತು. ಜನ ಅದಕ್ಕೆ ಕೈ ತಟ್ಟಿ ಕುಣಿಯುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. "ಇದು ನಂದು," ಎಂದ. "ಇದು ನಾನ್ ಕಟ್ಟಿದ್ದು." ಕುಡಿದಿದ್ದಾನೆ ಎಂದರು. ತಮಟೆಯವನು ಒಳಗೆ ಬಂದ ಎಂದರು. ಕತ್ತು ಹಿಡಿದು ನೂಕಿದ ರಭಸಕ್ಕೆ ಗೇಟಿನ ಕಂಬ ಮೂಗಿಗೆ ಬಡಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಮುನಿಲಕ್ಷ್ಮಿ ಕೇಳಿದ್ದಳು. "ಹೆಣದ ಏಟು ಅಂತ ಯಾಕ್ ಹೇಳ್ಲಿಲ್ಲ? ಒಂದ್ ಮಾತು ಸಾಕಿತ್ತು. ಎಲ್ರೂ ಎದ್ದು ಓಡೋರು."

"ಒಳಗೆ ಹೆಣ್ಮಗು ಮಣೆ ಮೇಲ್ ಕೂತಿತ್ತು ಕಣವ್ವ. ಅದೇನ್ ಮಾಡಿತ್ತು."

ಸಾಯುವ ಮುಂಚೆಯೂ ಅವನು ಕೇಳಿದ್ದು ಹಣವಲ್ಲ, ಹಾರವಲ್ಲ. "ನಾನು ಕಟ್ಟಿದ್ದು ಅಂತ ಅವನ ಬಾಯಲ್ಲಿ ಒಂದ್ಸಲ ಬರ್ಬೇಕಿತ್ತು," ಎಂದ. ಅಷ್ಟೇ. ಮುನಿಲಕ್ಷ್ಮಿ ಅದನ್ನು ಇಟ್ಟುಕೊಂಡಳು. ಅಪ್ಪನ ಒಳ್ಳೆಯತನವನ್ನು ಮಾತ್ರ ಅವನ ಜೊತೆಗೇ ಮಣ್ಣು ಮಾಡಿದ್ದಳು.

ಫ್ಲೆಕ್ಸ್ ಕಂಡ ದಿನವೇ ಮಧ್ಯಾಹ್ನ ಹೊಸಕೆರೆಹಳ್ಳಿಯ ಮನೆಯ ಮುಂದೆ ಸ್ಕೂಟರ್ ನಿಂತಿತು. ಬಂದವಳು ಸಮನ್ವಿತಾ, ಶ್ರೀಕರ್‌ನ ಶಿಷ್ಯೆ. ಇಪ್ಪತ್ತೈದರ ಒಳಗಿನ ಹುಡುಗಿ. ಚಾಪೆಯ ಮೇಲೆ ಕೂತಳು, ಕೊಟ್ಟ ನೀರು ಕುಡಿದಳು. ಗುರುಗಳ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಹಾಕುವಾಗ ಅಪ್ಪನ ದನಿ ಸಿಕ್ಕಿತಂತೆ. ‘ಇದು ನಂದು ಸಾಮಿ.’ ಸಭಾದವರ ಮುಂದೆ ಜಗಳ ಆಡಿ ಈ ಗೌರವ ಮಾಡಿಸಿದ್ದು ಅವಳೇ.

"ನಿಮ್ಮನ್ನ ತುಂಬಾ ಹುಡುಕಿದ್ವಿ ಆಂಟಿ. ಸಿಗ್ಲೇ ಇಲ್ಲ. ಇವತ್ತು ವಾಚ್‌ಮನ್ ಹೇಳಿದ, ವಿಚಾರಿಸ್ಕೊಂಡು ಬಂದೆ."

"ದಿನಾ ನಿಮ್ ಗೇಟ್ ಮುಂದೇನೇ ಗುಡಿಸ್ತೀನಮ್ಮ."

ಹುಡುಗಿ ತಲೆ ತಗ್ಗಿಸಿದಳು. ಮುನಿಲಕ್ಷ್ಮಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಆದರೂ ಕೇಳಿದಳು.

"ಸ್ಟೇಜ್ ಮೇಲೆ ಏನಂತ ಹೇಳ್ತಾರೆ? ಕಟ್ಟಿದ್ದು ನಮ್ಮಪ್ಪ ಅಂತಾನಾ?"

"ಅದು... ‘ಪ್ರೇರಣೆ, ಜನಪದ’ ಅಂತ ಹಾಕಿದಾರೆ. ನಾನು ಹೇಳ್ದೆ ಆಂಟಿ. ಸರ್ ಒಪ್ಲಿಲ್ಲ. ಜನಪದ ಅಂದ್ರೆ ಯಾರ ಹೆಸರೂ ಇರಲ್ಲ ಅಂತಾರೆ."

"ನಿಮ್ ಸರ್ ಹೆಸರು ಇದೆಯಲ್ಲ."

ಸಮನ್ವಿತಾ ಮಾತು ಬದಲಿಸಿದಳು. ಭಾನುವಾರ ಬೆಳಿಗ್ಗೆ ಕಾರ್ಯಕ್ರಮ, ಸನ್ಮಾನ ನೀವೇ ತೆಗೆದುಕೊಳ್ಳಬೇಕು, ಎರಡು ನಿಮಿಷ ತಮಟೆ ಬಾರಿಸಿದರೆ ಎಲ್ಲರಿಗೂ ಸಂತೋಷ ಎಂದಳು. ಆಮೇಲೆ ಬೆರಳು ಹಿಸುಕಿಕೊಂಡು, "ತಮಟೆ ಫೈಬರ್‌ದು ನಾವೇ ಕೊಡ್ತೀವಿ. ಸ್ಟೇಜ್ ಮೇಲೆ ಸರಸ್ವತಿ ವಿಗ್ರಹ ಇದೆ. ಚರ್ಮದ್ದು ಬೇಡ ಅಂತ ಅಧ್ಯಕ್ಷರು..." ಎಂದು ನಿಲ್ಲಿಸಿದಳು.

ಚರ್ಮ ಬಡಿದು ಬದುಕಿದವನಿಗೆ ಗೌರವ. ಚರ್ಮ ಮಾತ್ರ ಹೊರಗೆ ಇರಬೇಕು.

"ಬರ್ತೀನಿ," ಎಂದಳು ಮುನಿಲಕ್ಷ್ಮಿ.

ಸ್ಕೂಟರ್ ಹೋದ ಮೇಲೆ ಮಗಳು ಹೇಮಶ್ರೀ ಅಡುಗೆಮನೆಯಿಂದ ಹೊರಬಂದಳು. ನರ್ಸಿಂಗ್ ಓದುವವಳು, ಅಮ್ಮನ ಮುಖ ಓದುವುದನ್ನು ಅದಕ್ಕಿಂತ ಮೊದಲೇ ಕಲಿತವಳು.

"ಅಮ್ಮ, ಏನ್ ಮಾಡ್ಬೇಕಂತಿದೀಯ?"

"ಸನ್ಮಾನ."

"ಯಾರಿಗೆ?"

ಮುನಿಲಕ್ಷ್ಮಿ ಅಟ್ಟದ ಮೇಲಿನ ತಮಟೆ ಇಳಿಸಿ ಧೂಳು ಒರೆಸತೊಡಗಿದಳು.

ಭಾನುವಾರ ಮುಂಜಾನೆ ಅವಳು ತನ್ನ ರಸ್ತೆಯನ್ನು ಎಂದಿನಂತೆ ಗುಡಿಸಿದಳು. ರಜೆ ಕೇಳಲಿಲ್ಲ. ಸಭಾದ ಮುಂದೆ ನಿಲ್ಲಲಿರುವ ಕಾರುಗಳಿಗೆ ಜಾಗ ಶುದ್ಧ ಮಾಡಿದಳು. ಸೊಂಟ ಹಿಡಿದುಕೊಂಡಿತು. ರೇಣವ್ವನ ಮರೆಯಲ್ಲಿ ಸೀರೆ ಬದಲಿಸಿದಳು. ಗುಡಿಸಿದ ಒಣ ಎಲೆಯನ್ನು ಸಭಾದ ಹಿತ್ತಲಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಟ್ಟಳು. ತಮಟೆಯನ್ನು ಅದರ ಮೇಲೆ ಹಿಡಿದು ತಿರುಗಿಸಿದಳು. ಸಡಿಲವಿದ್ದ ಚರ್ಮ ಬಿಸಿಗೆ ಬಿಗಿಯುತ್ತ ಬಂತು. ಬೆರಳಿನಿಂದ ಮೀಟಿದರೆ ಕಣಕಣ ಅನ್ನಬೇಕು. ಅಂದಿತು.

ಹೊಗೆ ನೋಡಿ ಅಧ್ಯಕ್ಷ ಗುಂಡಣ್ಣ ಓಡಿ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಹಿಂದೆ ರೇಷ್ಮೆ ಜುಬ್ಬಾದ ಶ್ರೀಕರ್. ಕೂದಲು ಬೆಳ್ಳಗಾಗಿತ್ತು. ದನಿ ಹಾಗೇ ಇತ್ತು.

"ಲಕ್ಷ್ಮಮ್ಮ ಅಲ್ವಾ? ಚಿಕ್ಕವಳಾಗಿದ್ದಾಗ ಬಂದಿದ್ದೆ ನಮ್ಮನೇಗೆ. ನಿಮ್ಮಪ್ಪ ನನಗೆ ಗುರು ಇದ್ದಂಗೆ."

"ಮನೇಗಲ್ಲ ಸಾರ್, ಶೆಡ್ಡಿಗೆ. ಇದೇ ಮಾತು ಮೈಕಲ್ಲಿ ಹೇಳಿ. ಆ ಏಟು ನಮ್ಮಪ್ಪ ಕಟ್ಟಿದ್ದು ಅಂತ ಹೇಳಿ. ಸಾಕು. ಶಾಲೂ ಬೇಡ, ಏನೂ ಬೇಡ. ಕೇಳಿಸ್ಕೊಂಡು ಮನೇಗೆ ಹೋಗ್ತೀನಿ."

ಅದು ಅವಳು ಅವನಿಗೆ ಕೊಟ್ಟ ಬಾಗಿಲು. ಅಪ್ಪನ ಲೆಕ್ಕದಲ್ಲಿ ಕೊಟ್ಟದ್ದು. ಶ್ರೀಕರ್ ಅವಳ ಹೆಗಲು ತಟ್ಟಲು ಕೈ ಎತ್ತಿ, ಗಾಳಿಯಲ್ಲೇ ನಿಲ್ಲಿಸಿದ.

"ತಾಯಿ, ಅದೆಲ್ಲ ಹಂಗೆ ಹೇಳೋಕಾಗಲ್ಲ. ಇದು ಸಮೂಹದ್ದು. ಮಣ್ಣಿಂದು. ಒಬ್ಬನ ಹೆಸರು ಹಾಕಿದ್ರೆ ಅದಕ್ಕೇ ಅವಮಾನ."

ಗುಂಡಣ್ಣನವರ ಕಣ್ಣು ತಮಟೆಯ ಮೇಲಿತ್ತು. "ಇದು ಚರ್ಮದ್ದಲ್ವೇನಮ್ಮ? ಹೇಳಿದ್ರಲ್ಲ, ಮೇಲೆ ದೇವರಿದೆ."

"ಮೇಲೆ ಹತ್ತಲ್ಲ ಸಾರ್. ಕೆಳಗೆ, ಜನದ ಮಧ್ಯೆ ನಿಂತ್ಕೊತೀನಿ."

ಗುಂಡಣ್ಣನವರಿಗೆ ಹಗುರಾಯಿತು. "ಒಳ್ಳೇದಾಯ್ತು. ಹಂಗೇ ಮಾಡಿ," ಎಂದು ತಾವೇ ಅಪ್ಪಣೆ ಕೊಟ್ಟರು.

ಸಭಾಂಗಣ ತುಂಬಿತ್ತು. ರೇಷ್ಮೆ, ಮಲ್ಲಿಗೆ, ಫಿಲ್ಟರ್ ಕಾಫಿಯ ವಾಸನೆ. ಹೇಮಶ್ರೀ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಾಗಿಲ ಬಳಿ ರೇಣವ್ವ, ಪೊರಕೆ ಹಿಡಿದೇ ನಿಂತಿದ್ದಳು. ಗುಂಡಣ್ಣ ಮಾತನಾಡಿದರು. ಬರುವ ವಾರ ತಮ್ಮ ಮೊಮ್ಮಗಳ ಮದುವೆಯಲ್ಲೂ ಶ್ರೀಕರ್ ಅವರದೇ ಮಂಗಳ ಸಂಚಾರ, ಎಲ್ಲರೂ ಬರಬೇಕು ಎಂದರು. ಶ್ರೀಕರ್ ಮಾತನಾಡಿದ. ಮುನಿಯಪ್ಪನಂಥ ಮುಗ್ಧರು ಒರಟು ಕಲ್ಲನ್ನು ಕಾಪಾಡಿದರು, ಅದರಿಂದ ಮೂರ್ತಿ ಕಡೆಯುವ ಭಾಗ್ಯ ನನ್ನದಾಯಿತು ಎಂದ. ಆಮೇಲೆ ಅವನ ತಂಡ ನುಡಿಸಿತು. ಹೆಜ್ಜೆಯ ನಡುವಿನ ಖಾಲಿಯಲ್ಲಿ ಬೀಳುವ ಆ ಏಟಿಗೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಮಗುವೊಂದು ಎದ್ದು ಕುಣಿಯಿತು. ಮುನಿಲಕ್ಷ್ಮಿಗೆ ಅಮ್ಮನ ಮುಖ ಕಂಡಿತು. ಮೂಗಿಗೆ ಇಟ್ಟ ಹತ್ತಿ ಕಂಡಿತು.

ಅವಳ ಸರದಿ ಬಂತು. ಶಾಲು ಹಿಡಿದು ಗುಂಡಣ್ಣ ಮೆಟ್ಟಿಲಿಳಿದು ಬಂದರು.

"ಶಾಲು ಆಮೇಲೆ ಸಾರ್. ಮೈಕ್ ಕೊಡಿ."

ಸಮನ್ವಿತಾ ಮೈಕ್ ತಂದುಕೊಟ್ಟಳು.

"ಈಗ ಬಾರಿಸಿದ್ರಲ್ಲ, ಅದು ನಮ್ಮಪ್ಪ ಚಿಕ್ಕಮುನಿಯಪ್ಪ ಕಟ್ಟಿದ ಏಟು," ಎಂದಳು ಮುನಿಲಕ್ಷ್ಮಿ.

ಮೇಲಿನಿಂದ ಶ್ರೀಕರ್ ಇನ್ನೊಂದು ಮೈಕಿನಲ್ಲಿ ನಕ್ಕ. "ಜನಪದ ತಾಯಿ, ಜನಪದ." ಸಭೆಯೂ ಸಣ್ಣಗೆ ನಕ್ಕಿತು. ಯಾರೋ, ‘ಪಾಪ, ಅಪ್ಪನ ಮೇಲೆ ಪ್ರೀತಿ’ ಎಂದರು.

"ಆಯ್ತು ಸಾರ್. ಯಾರು ಕಟ್ಟಿದ್ರು ಅನ್ನೋದು ಬಿಡಿ. ಯಾವುದಕ್ಕೆ ಕಟ್ಟಿದ್ರು ಅಂತ ಹೇಳ್ತೀನಿ. ಇದು ಹೆಣದ ಮುಂದೆ ಬಡಿಯೋದು. ನಮ್ಮಮ್ಮ ಹೆರಿಗೇಲಿ ಸತ್ಲು. ಅವಳನ್ನ ಮಸಣಕ್ಕೆ ಒಯ್ಯೋವಾಗ ಕಟ್ಟಿದ್ದು. ನಮ್ಮ ಕೇರೀಲಿ ಇದನ್ನ ಬೇರೆ ಯಾವುದಕ್ಕೂ ಬಡಿಯಲ್ಲ. ನಿಮ್ಮಲ್ಲಿ ಯಾರ್ಯಾರು ಇದಕ್ಕೆ ಮಂಟಪ ಹತ್ತಿದ್ರಿ? ಯಾರ್ಯಾರ ಸೊಸೆ ಇದ್ರ ಜೊತೆ ಹೊಸಲು ದಾಟಿದ್ಲು? ಕೈ ಎತ್ತಿ, ನೋಡೋಣ."

ಒಂದು ಕೈಯೂ ಏಳಲಿಲ್ಲ.

ಮುನಿಲಕ್ಷ್ಮಿ ಮೈಕ್ ಕುರ್ಚಿಯ ಮೇಲಿಟ್ಟಳು. ತಮಟೆಯನ್ನು ಎದೆಗೆ ಒತ್ತಿಕೊಂಡಳು. ವೇದಿಕೆಗೆ ಮುಖ ಮಾಡಿ, ಶ್ರೀಕರ್‌ನ ಕಣ್ಣಲ್ಲಿ ಕಣ್ಣಿಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಡಿಯತೊಡಗಿದಳು. ಹೆಜ್ಜೆ. ಖಾಲಿ. ಏಟು. ಹೆಜ್ಜೆ. ಖಾಲಿ. ಏಟು. ಕೊಳಲಿಲ್ಲ, ವೀಣೆಯಿಲ್ಲ. ಬಟ್ಟೆ ಕಳಚಿದ ಹೆಣದ ಹಾಗೆ ಆ ಏಟು ಸಭೆಯ ನಡುವೆ ಬಿದ್ದಿತ್ತು. ಶ್ರೀಕರ್ ಕಣ್ಣು ತಪ್ಪಿಸಲು ನೋಡಿದ. ಆಗಲಿಲ್ಲ. ಚಟ್ಟದ ಮೇಲಿದ್ದವನ ಮುಂದೆ ನಡೆಯುವಂತೆ ಅವಳು ಅವನ ಮುಂದೆ ನಡೆಯುತ್ತಿದ್ದಳು. ಅದು ಕುರುಡನಿಗೂ ಕಾಣುವಂತಿತ್ತು.

ಒಬ್ಬಾಕೆ ತಾಳಿ ಮುಟ್ಟಿಕೊಂಡಳು. ಕುಣಿದ ಮಗುವನ್ನು ತಾಯಿ ಎಳೆದು ಸೆರಗಿನೊಳಗೆ ಮುಚ್ಚಿಕೊಂಡಳು. ಯಾರೋ ಎದ್ದರು. ಕುರ್ಚಿ ಬಿತ್ತು.

"ಏನ್ರೀ ಶ್ರೀಕರ್, ನಮ್ಮ ಗೃಹಪ್ರವೇಶಕ್ಕೆ ಬಾರ್ಸಿದ್ದು ಇದೇನಾ?"

"ನನ್ ಮಗಳು ವರ್ಷ ತುಂಬೋದ್ರೊಳಗೆ ತಿರುಗಿ ಬಂದ್ಲು. ಅವತ್ತೇ ಏನೋ ಸರಿಯಿಲ್ಲ ಅನ್ನಿಸಿತ್ತು ನಂಗೆ."

"ನಮ್ಮವ್ರು ಹೋಗಿದ್ದು ಅದೇ ವರ್ಷ."

ಮುನಿಲಕ್ಷ್ಮಿ ಬಡಿಯುತ್ತಲೇ ಕೇಳಿಸಿಕೊಂಡಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಪ್ಪ ಕಟ್ಟಿದ್ದು ಎಂದಾಗ ನಕ್ಕವರು, ಹೆಣದ್ದು ಎಂದ ಕೂಡಲೇ ನಂಬಿದ್ದರು. ನಮ್ಮ ಕೈಯಿಂದ ಕಲೆ ಹುಟ್ಟುತ್ತದೆ ಎಂದರೆ ಇವರಿಗೆ ಸಾಕ್ಷಿ ಬೇಕು. ನಮ್ಮ ಕೈಯಿಂದ ಕೇಡು ಹುಟ್ಟುತ್ತದೆ ಎಂದರೆ ಒಂದು ಮಾತು ಸಾಕು. ಆಗಲಿ. ಆ ನಂಬಿಕೆಯನ್ನೇ ಹಿಡಿದು ತಿರುಚುತ್ತೇನೆ ಎಂದುಕೊಂಡಳು.

ಗುಂಡಣ್ಣನವರ ಕೈಯ ಶಾಲು ನೆಲಕ್ಕೆ ಜಾರಿತ್ತು. "ಗೊತ್ತಿತ್ತೇನ್ರೀ ನಿಮಗೆ? ಬರೋ ವಾರ ನನ್ ಮೊಮ್ಮಗಳ ಮದ್ವೆ."

"ನನಗೇನ್ ಗೊತ್ತು," ಎಂದ ಶ್ರೀಕರ್. ಮೈಕ್ ಇನ್ನೂ ಅವನ ಕೈಯಲ್ಲೇ ಇತ್ತು. "ನಾನ್ ಮಾಡಿದ್ದಲ್ಲ ರೀ ಇದು. ಅವನು... ಆ ಚಿಕ್ಕಮುನಿಯಪ್ಪ ಕಟ್ಟಿದ್ದು. ನಂದು ಒಂದಕ್ಷರ ಇಲ್ಲ ಇದ್ರಲ್ಲಿ."

ಮುನಿಲಕ್ಷ್ಮಿಯ ಕೈ ನಿಂತಿತು.

ಬಂದಿತ್ತು. ಅವನ ಬಾಯಲ್ಲೇ, ಪೂರ್ತಿ ಹೆಸರಿನೊಂದಿಗೆ. ಹೆದರಿಕೆಯಿಂದ ಬಂದಿತ್ತು. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಗೌರವದಿಂದ ಬಂದಿದ್ದರೆ ಇಷ್ಟು ಹಿತವಾಗಿರುತ್ತಿತ್ತೋ ಇಲ್ಲವೋ.

ಗುಂಡಣ್ಣ ಅವಳ ಹತ್ತಿರ ಬಂದರು. ಮೊದಲ ಸಲ ಕೈ ಜೋಡಿಸಿದರು. "ಇದಕ್ಕೆ ಏನಾದ್ರೂ ಪರಿಹಾರ ಇದೆಯೇನಮ್ಮ? ನಿಮ್ಮಲ್ಲಿ ಏನ್ ಮಾಡ್ತೀರಿ?"

ಸಭೆಯೆಲ್ಲ ಅವಳ ಬಾಯಿ ನೋಡಿತು. ಅಂಥ ಪರಿಹಾರ ಯಾವ ಕೇರಿಯಲ್ಲೂ ಇರಲಿಲ್ಲ. ಅಪ್ಪ ಏಟು ಕಟ್ಟಿದ ಹಾಗೆ ಅವಳು ನಿಂತ ನಿಲುವಿನಲ್ಲೇ ಅದನ್ನು ಕಟ್ಟಿದಳು.

"ಇದೆ ಸಾರ್. ಹೇಳ್ದೆ ಕೇಳ್ದೆ ಇದನ್ನ ಬಾರಿಸಿದವರು ತಾವೇ ಬಾಯಿ ಬಿಟ್ಟು ಹೇಳ್ಬೇಕು. ಕಟ್ಟಿದವರ ಹೆಸರು, ಯಾರ ಸಾವಿಗೆ ಕಟ್ಟಿದ್ರೋ ಅವರ ಹೆಸರು. ಎಲ್ಲೆಲ್ಲಿ ಬಾರಿಸಿದ್ರೋ ಆ ಒಂದೊಂದು ಮನೆ ಬಾಗಿಲಿಗೂ ಹೋಗಿ ಹೇಳ್ಬೇಕು. ಒಂದು ಮನೆ ಬಿಟ್ರೂ ಇಳಿಯಲ್ಲ."

"ಹೇಳ್ರೀ," ಎಂದರು ಗುಂಡಣ್ಣ ವೇದಿಕೆಯತ್ತ ತಿರುಗಿ. ಹಿಂದಿನಿಂದ ಇನ್ನೂ ನಾಲ್ಕು ದನಿ ಕೂಡಿತು. "ಹೇಳ್ರೀ, ಏನ್ ನೋಡ್ತಿದೀರ?"

ಶ್ರೀಕರ್ ತುಟಿ ಒದ್ದೆ ಮಾಡಿಕೊಂಡ. "ಇದು ಚಿಕ್ಕಮುನಿಯಪ್ಪ ಕಟ್ಟಿದ್ದು. ಅವನ ಹೆಂಡತಿ..." ಹೆಸರು ಗೊತ್ತಿರಲಿಲ್ಲ. ಅವಳತ್ತ ನೋಡಿದ.

"ಹನುಮಕ್ಕ," ಎಂದಳು ಮುನಿಲಕ್ಷ್ಮಿ. "ಕಟ್ಟಿದ್ದು ಅಲ್ಲ, ಕಟ್ಟಿದವರು ಅನ್ನಿ. ಅವನು ಅಲ್ಲ, ಅವರು."

"ಇದನ್ನು ಕಟ್ಟಿದವರು ಚಿಕ್ಕಮುನಿಯಪ್ಪನವರು. ಅವರ ಹೆಂಡತಿ ಹನುಮಕ್ಕನವರ ಸಾವಿಗೆ."

"ಜೋರಾಗಿ ಸಾರ್. ಬಾಗಿಲ ಹತ್ರ ರೇಣವ್ವ ಇದಾಳೆ, ಅವಳಿಗೆ ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ಲರೀ ಸಾಹೇಬ್ರ," ಎಂದಳು ರೇಣವ್ವ.

ಅವನು ಇನ್ನೊಮ್ಮೆ ಹೇಳಿದ. ಹಿಂದಿನ ಸಾಲಿನಲ್ಲಿ ಹೇಮಶ್ರೀ ಎದ್ದು ನಿಂತಿದ್ದಳು.

ಮುನಿಲಕ್ಷ್ಮಿ ನೆಲದ ಮೇಲಿನ ಶಾಲು ದಾಟಿ ಬಾಗಿಲಿಗೆ ನಡೆದಳು. ಅಲ್ಲಿ ನಿಂತು ತಿರುಗಿದಳು. ಕೋಲನ್ನು ಮತ್ತೆ ಚರ್ಮದ ಮೇಲಿಟ್ಟಳು.

"ಒಂದ್ ಕಡೆ ಆಯ್ತು ಸಾರ್. ಇನ್ನು ಮಿಕ್ಕ ಮನೆಗಳು. ಇಳಿದು ಬನ್ನಿ. ನಾನ್ ಮುಂದೆ ನಡೀತೀನಿ."